ಅಂಗಳವಿಲ್ಲದ ಮಸೀದಿ

ಮಿಯಾಪುರದಲ್ಲಿ ಬಸ್ ಹತ್ತಿದರೆ ಜಹೀರಾಬಾದ್, ಹುಮನಾಬಾದ್ ದಾಟಿ ಕಲಬುರಗಿ ಸುಮಾರು 200 ಕಿಲೋಮೀಟರ್. ಹದಿನೈದು ವರ್ಷಗಳಿಂದ ಈ ದಾರಿಯಲ್ಲಿ ಓಡಾಡುತ್ತಿದ್ದೇನೆ. ಹೈದರಾಬಾದಿಗೆ ಬಂದ ನೆಂಟರಿಗೆಲ್ಲ ಚಾರ್ಮಿನಾರ್, ಮೆಕ್ಕಾ ಮಸೀದಿ ತೋರಿಸಿದ್ದೇನೆ. ನನ್ನೂರಿನ ಕೋಟೆಯೊಳಗಿನ ಜಾಮಿಯಾ ಮಸೀದಿಯನ್ನು ಮಾತ್ರ ಕಳೆದ ದಸರಾ ರಜೆಯವರೆಗೂ ಒಳಹೊಕ್ಕು ನೋಡಿರಲಿಲ್ಲ. ಆಫೀಸಿನಲ್ಲಿ ಯಾರಾದರೂ "ನಿಮ್ಮೂರಲ್ಲಿ ನೋಡೋಕೆ ಏನಿದೆ?" ಎಂದರೆ, "ಬಿಸಿಲು" ಎಂದು ನಕ್ಕು ಸುಮ್ಮನಾಗುತ್ತಿದ್ದೆ.

ಒಳಗೆ ಕಾಲಿಟ್ಟ ಕೂಡಲೇ ಮಗಳು ಕೇಳಿದಳು: "ಅಪ್ಪಾ, ಇದರ ಅಂಗಳ ಎಲ್ಲದ?"

ಅವಳು ಕಂಡಿದ್ದು ಮೆಕ್ಕಾ ಮಸೀದಿಯ ವಿಶಾಲ ಅಂಗಳ. ನಮ್ಮ ದೇಶದ ದೊಡ್ಡ ಮಸೀದಿಗಳಲ್ಲಿ ಸಾಮಾನ್ಯವಾಗಿ ನಡುವೆ ತೆರೆದ ಅಂಗಳ, ಪಶ್ಚಿಮಕ್ಕೆ ಪ್ರಾರ್ಥನೆಯ ಮಂಟಪ ಇರುತ್ತವೆ. ಇಲ್ಲಿ 216 ಅಡಿ ಉದ್ದ, 176 ಅಡಿ ಅಗಲದ ಜಾಗಕ್ಕೆ ಪೂರ್ತಿ ಸೂರು ಹಾಕಿದ್ದಾರೆ. ನಡುವೆ ಸಾಲುಸಾಲು ಚಿಕ್ಕ ಗುಮ್ಮಟಗಳು, ನಾಲ್ಕು ಮೂಲೆಗೆ ಅದಕ್ಕಿಂತ ದೊಡ್ಡವು, ಮೆಹರಾಬಿನ ಮುಂದೆ ಎಲ್ಲಕ್ಕಿಂತ ಎತ್ತರದ್ದು. ಮಿನಾರುಗಳಿಲ್ಲ.

ಇಷ್ಟು ದೊಡ್ಡ ಜಾಗವನ್ನು ಮುಚ್ಚಿದರೆ ಒಳಗೆ ಕತ್ತಲಾಗಬೇಕಲ್ಲ? ಅದಕ್ಕೆ ಉತ್ತರ ಅಂಚಿನ ಹಜಾರಗಳಲ್ಲಿದೆ. ಗಿಡ್ಡ ಕಂಬಗಳ ಮೇಲೆ ಬಲು ಅಗಲವಾದ ಕಮಾನುಗಳನ್ನು ಹಾಯಿಸಿ, ಪಶ್ಚಿಮ ಬಿಟ್ಟು ಉಳಿದ ಮೂರು ದಿಕ್ಕನ್ನೂ ಹೊರಗಿನ ಬೆಳಕಿಗೆ ತೆರೆದಿಟ್ಟಿದ್ದಾರೆ. ಅಂಗಳದಿಂದ ಬರಬೇಕಾದ ಬೆಳಕು ಇಲ್ಲಿ ಪಕ್ಕದಿಂದ ಬರುತ್ತದೆ. ಹೊರಗೆ ನಮ್ಮೂರ ಬಿಸಿಲು, ಒಳಗೆ ತಂಪು.

1347ರಲ್ಲಿ ಸ್ಥಾಪನೆಯಾದ ಬಹಮನಿ ರಾಜ್ಯಕ್ಕೆ ಕಲಬುರಗಿಯೇ ರಾಜಧಾನಿ. ಮಸೀದಿಯ ಶಾಸನ 1367ರದು, ಮೊದಲನೆಯ ಮಹಮ್ಮದ್ ಶಾಹನ ಕಾಲದ್ದು. ಅದರಲ್ಲಿ ಇರಾನಿನ ಕಜ್ವೀನ್ ಊರಿನ ರಫಿ ಎಂಬವನ ಹೆಸರಿದೆ. ಈ ಕಟ್ಟಡ ಮೊದಲು ಅರಸರ ಸಭಾಂಗಣವಾಗಿತ್ತೇ ಎಂಬ ಚರ್ಚೆಯೂ ವಿದ್ವಾಂಸರಲ್ಲಿದೆ. ಆದರೆ ಈ ಮಾದರಿ ಮುಂದುವರಿಯಲಿಲ್ಲ. ಬಿಜಾಪುರದ ಜಾಮಿಯಾ ಮಸೀದಿಯೂ ಹೈದರಾಬಾದಿನ ಮೆಕ್ಕಾ ಮಸೀದಿಯೂ ಅಂಗಳಕ್ಕೇ ಮರಳಿದವು.

ಮರಳುವಾಗ ಮಗಳಿಗೆ ಇನ್ನೊಂದು ವಿಷಯ ಹೇಳಿದೆ. ಗೋಲ್ಕೊಂಡದಲ್ಲಿ ಕುತುಬ್‌ಶಾಹಿ ಮನೆತನವನ್ನು ಕಟ್ಟಿದ ಸುಲ್ತಾನ್ ಕುಲಿ ಮೊದಲು ಬಹಮನಿಗಳ ಕೈಕೆಳಗೆ ತೆಲಂಗಾಣದ ಅಧಿಕಾರಿಯಾಗಿದ್ದವನು. ಗೋಲ್ಕೊಂಡದ ಜಾಮಿಯಾ ಮಸೀದಿಯನ್ನು ಅವನು ಕಟ್ಟಿಸಿದ್ದು 1518ರಲ್ಲಿ, ನಮ್ಮೂರ ಶಾಸನಕ್ಕಿಂತ ನೂರೈವತ್ತು ವರ್ಷ ತಡವಾಗಿ.

"ಅಂದ್ರ ನಮ್ಮೂರು ಹೈದರಾಬಾದಿಗಿಂತ ಹಿರೀದು?" ಎಂದಳು.

ಹೌದೆಂದೆ. ಸೋಮವಾರ ಆಫೀಸಿನಲ್ಲಿ ಊರಿನ ಮಾತು ಬಂದಾಗ, ಫೋನ್ ತೆಗೆದು ಆ ಕಮಾನುಗಳ ಫೋಟೋ ತೋರಿಸಿದೆ.