ಕರಗುವ ಕಾವಲು: ಕಾಫಿ ಎಲೆಗೂ ಹಡಗಿನ ತಳಕ್ಕೂ

ಮುಂಗಾರು ಕಾಲಿಡುವ ಮುನ್ನ ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಮೈಲುತುತ್ತ ಮತ್ತು ಸುಣ್ಣದ ಲೆಕ್ಕಾಚಾರ ಶುರುವಾಗುತ್ತದೆ. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, 100 ಲೀಟರ್ ನೀರು. ಇದೇ ಶೇಕಡ 1ರ ಬೋರ್ಡೊ ದ್ರಾವಣ. ಹದ ಸರಿಯಾಗಿದೆಯೇ ಎಂದು ತಿಳಿಯಲು ಚೆನ್ನಾಗಿ ಉಜ್ಜಿದ ಕಬ್ಬಿಣದ ಚಾಕುವನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಚಾಕುವಿನ ಮೇಲೆ ತಾಮ್ರದ ಕೆಂಪು ಲೇಪ ಕಂಡರೆ ಸುಣ್ಣ ಇನ್ನೂ ಬೇಕು ಎಂದರ್ಥ. ಹಾಗೆಯೇ ಸಿಂಪಡಿಸಿದರೆ ಎಲೆ ಸುಟ್ಟೀತು.

ಸಮುದ್ರದಿಂದ ಬಹು ಎತ್ತರದಲ್ಲಿ ನಡೆಯುವ ಈ ಕೆಲಸಕ್ಕೂ ಹಡಗುಗಳ ಚರಿತ್ರೆಗೂ ಹತ್ತಿರದ ನಂಟಿದೆ. ಕಾಫಿ ಎಲೆಯನ್ನು ಕಾಯುವ ತಾಮ್ರ ಅದಕ್ಕೂ ಮೊದಲು ಹಡಗಿನ ತಳವನ್ನು ಕಾಯುತ್ತಿತ್ತು. ಎರಡೂ ಕಡೆ ಅದರ ಗುಣ ಒಂದೇ, ದೋಷವೂ ಒಂದೇ.

ಸಮುದ್ರಕ್ಕೆ ಇಳಿಸಿದ ಯಾವ ವಸ್ತುವೂ ಬಹುಕಾಲ ಬರಿಮೈಯಲ್ಲಿ ಉಳಿಯುವುದಿಲ್ಲ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಬಂದು ಅಂಟಿಕೊಂಡು ತೆಳುವಾದ ಲೋಳೆ ಕಟ್ಟುತ್ತವೆ. ಅದರ ಮೇಲೆ ಸೂಕ್ಷ್ಮ ಪಾಚಿ, ಆಮೇಲೆ ಬಾರ್ನಕಲ್ ಎಂಬ ಸುಣ್ಣದ ಕವಚದ ಜೀವಿ, ಚಿಪ್ಪುಮೀನು ಎಲ್ಲವೂ ಬಂದು ನೆಲೆಸುತ್ತವೆ. ತಳ ಒರಟಾದ ಹಡಗು ನಿಧಾನವಾಗುತ್ತದೆ, ಹೆಚ್ಚು ಇಂಧನ ಬೇಡುತ್ತದೆ. ಮರದ ಹಡಗುಗಳ ಕಾಲದಲ್ಲಿ ಮರವನ್ನೇ ಕೊರೆದು ತಿನ್ನುವ ಹಡಗುಹುಳುವಿನ ಕಾಟ ಬೇರೆ. ನಮ್ಮ ಕರಾವಳಿಯವರು ಮೀನೆಣ್ಣೆ, ಗೇರುಬೀಜದ ಸಿಪ್ಪೆಯ ಎಣ್ಣೆ, ರಾಳಗಳನ್ನು ದೋಣಿಗೆ ಬಳಿದು ಮರವನ್ನು ಕಾಪಾಡಿಕೊಳ್ಳುತ್ತಿದ್ದರು.

1761ರಲ್ಲಿ ಬ್ರಿಟಿಷ್ ನೌಕಾದಳ 'ಅಲಾರ್ಮ್' ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿ ವೆಸ್ಟ್ ಇಂಡೀಸ್‌ಗೆ ಕಳುಹಿಸಿತು. ಹಿಂದಿರುಗಿದ ಹಡಗನ್ನು ಪರೀಕ್ಷಿಸಿದಾಗ ತಳ ಚೊಕ್ಕಟವಾಗಿತ್ತು, ಆದರೆ ತಾಮ್ರ ತಾಗಿದಲ್ಲೆಲ್ಲ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ತಾಮ್ರದ ಎದುರು ಕಬ್ಬಿಣ ಸೋಲುತ್ತದೆ. ಬೆಳೆಗಾರನ ಚಾಕು ತೋರಿಸುವುದೂ ಇದೇ ಗುಣವನ್ನು. ಮುಂದೆ ತಾಮ್ರ ಬೆರೆಸಿದ ಲೋಹದ ಮೊಳೆಗಳು ಬಂದವು. 1780ರ ದಶಕದ ಹೊತ್ತಿಗೆ ತಾಮ್ರದ ತಳ ಬಲಿಷ್ಠ ನೌಕಾದಳದ ಗುರುತಾಗಿತ್ತು.

ಆ ಸುದ್ದಿ ಮೈಸೂರಿಗೂ ತಲುಪಿತ್ತು. ಸಕಲೇಶಪುರದ ಬಳಿ ನಕ್ಷತ್ರದ ಆಕಾರದ ಮಂಜರಾಬಾದ್ ಕೋಟೆಯನ್ನು 1792ರಲ್ಲಿ ಕಟ್ಟಿಸಿದ ಟಿಪ್ಪು ಸುಲ್ತಾನ್, ಅದೇ ದಶಕದಲ್ಲಿ ಕರಾವಳಿಯಲ್ಲಿ ದೊಡ್ಡ ನೌಕಾದಳವೊಂದನ್ನು ಕಟ್ಟುವ ಯೋಜನೆ ಹಾಕಿದ್ದ. ಅದರ ಹಡಗುಗಳ ತಳಕ್ಕೆ ತಾಮ್ರ ಹೊದಿಸುವ ಉದ್ದೇಶವೂ ಇತ್ತೆಂದು ಚರಿತ್ರೆಕಾರರು ಬರೆದಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಯೋಜನೆಯೂ ಮುಗಿಯಿತು.

ತಾಮ್ರ ಹೇಗೆ ಕಾಯುತ್ತದೆ ಎಂಬುದು ತಿಳಿದದ್ದು ಒಂದು ಸೋಲಿನಿಂದ. ತಗಡು ಬೇಗ ಸವೆಯುತ್ತದೆ ಎಂದು ನೌಕಾದಳ ದೂರಿದಾಗ, ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡುಗಳನ್ನು ಜೋಡಿಸಿದ. ಸವೆತ ನಿಂತಿತು. ಅದರ ಹಿಂದೆಯೇ ಬಾರ್ನಕಲ್‌ಗಳು ಮತ್ತೆ ಹತ್ತಿಕೊಂಡವು. ತಾಮ್ರ ಸ್ವಲ್ಪ ಸ್ವಲ್ಪವಾಗಿ ಕರಗಿ ನೀರಿಗೆ ಸೇರುತ್ತಿದ್ದರೆ ಮಾತ್ರ ಅದು ಕಾವಲು. ಕರಗದ ತಾಮ್ರ ಯಾರನ್ನೂ ತಡೆಯದು.

ಇದೇ ತತ್ತ್ವ ಹೊಲಕ್ಕೆ ಬಂದದ್ದು ಫ್ರಾನ್ಸಿನ ಬೋರ್ಡೊ ಪ್ರದೇಶದಲ್ಲಿ. ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ಅಲ್ಲಿನ ರೈತರು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗಳಿಗೆ ರೋಗ ತಗಲಿಲ್ಲವೆಂಬುದನ್ನು ಪಿಯೆರ್ ಮಿಲಾರ್ದೆ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಗಮನಿಸಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಎಲೆಯ ಮೇಲೆ ಕುಳಿತ ಲೇಪ ಮಳೆಯಲ್ಲಿ ಮೆಲ್ಲನೆ ತಾಮ್ರ ಬಿಡುತ್ತದೆ, ಶಿಲೀಂಧ್ರದ ಬೀಜಕಣ ಮೊಳೆಯದಂತೆ ತಡೆಯುತ್ತದೆ. ಹಡಗಿನ ತಳದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ನಮ್ಮ ಮಲೆನಾಡಿಗೆ ಆಗ ಇಂಥದೊಂದು ಮದ್ದು ಬೇಕಾಗಿತ್ತು. ಕಾಫಿ ಎಲೆಯನ್ನು ಕಪ್ಪಾಗಿಸಿ ಕೊಳೆಸುವ ಶಿಲೀಂಧ್ರಕ್ಕೆ ಎಂ.ಸಿ. ಕುಕ್ ಎಂಬ ವಿಜ್ಞಾನಿ 1876ರಲ್ಲಿ ಹೆಸರಿಟ್ಟಾಗ 'ಕೊಳೆರೋಗ' ಎಂಬ ಕನ್ನಡ ಪದವನ್ನೇ ಅದರಲ್ಲಿ ಸೇರಿಸಿದ್ದ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿ ಬೇರೆ. ಅದರ ಮೇಲೆ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ 1910ರಲ್ಲಿ ಅಧ್ಯಯನ ಪ್ರಕಟಿಸಿ, ಬೋರ್ಡೊ ದ್ರಾವಣವನ್ನು ಪ್ರಚಾರಕ್ಕೆ ತಂದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನೆಗೂ ಕೇಂದ್ರ ಆರಂಭವಾಯಿತು. ಎಲೆತುಕ್ಕು, ಕೊಳೆರೋಗಗಳ ನಡುವೆ ಈ ಬೆಟ್ಟಗಳಲ್ಲಿ ಅರೇಬಿಕಾ ಕಾಫಿ ಉಳಿದುಕೊಂಡದ್ದರಲ್ಲಿ ಮೈಲುತುತ್ತದ ಪಾಲು ದೊಡ್ಡದು.

ಆದರೆ ಕರಗಿದ ತಾಮ್ರ ಮಾಯವಾಗುವುದಿಲ್ಲ. ಅದು ಲೋಹ, ಕೊಳೆತು ಇಲ್ಲವಾಗುವ ವಸ್ತುವಲ್ಲ. ತಲೆಮಾರುಗಳಿಂದ ಸಿಂಪಡಿಸಿದ ದ್ರಾಕ್ಷಿ ತೋಟಗಳ ಮೇಲ್ಮಣ್ಣಿನಲ್ಲಿ ಅದು ಕೂಡಿಕೊಂಡಿದೆ. ಐರೋಪ್ಯ ಒಕ್ಕೂಟ 2019ರಿಂದ ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕಿಲೊಗಿಂತ ಹೆಚ್ಚು ತಾಮ್ರ ಬಳಸದಂತೆ ಮಿತಿ ಹಾಕಿತು.

ಸಮುದ್ರದಲ್ಲಿ ಪಾಠ ಇನ್ನೂ ಕಠಿಣವಾಗಿತ್ತು. 1960ರ ದಶಕದಿಂದ ಹಡಗಿನ ಬಣ್ಣಗಳಿಗೆ ಟಿಬಿಟಿ ಎಂಬ ತವರದ ಸಂಯುಕ್ತ ಸೇರಿತು. ತಾಮ್ರಕ್ಕಿಂತ ಬಹಳ ಪ್ರಬಲವಾದ ಮದ್ದು ಅದು. ಬೋರ್ಡೊ ನಗರಕ್ಕೆ ಹತ್ತಿರದ ಆರ್ಕಶಾನ್ ಕೊಲ್ಲಿಯಲ್ಲಿ 1970ರ ದಶಕದ ಕೊನೆಗೆ ಸಿಂಪಿಗಳ ಮರಿಗಳು ಉಳಿಯದಾದವು, ಬೆಳೆದವುಗಳ ಚಿಪ್ಪು ವಿಕಾರವಾಯಿತು. ಬೇರೆ ತೀರಗಳಲ್ಲಿ ಹೆಣ್ಣು ಬಸವನಹುಳುಗಳಿಗೆ ಗಂಡಿನ ಅಂಗ ಮೂಡಿತು. ಫ್ರಾನ್ಸ್ 1982ರಲ್ಲಿ ಸಣ್ಣ ದೋಣಿಗಳಿಗೆ ಟಿಬಿಟಿ ಬಳಕೆಯನ್ನು ತಡೆಯಿತು. 2001ರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಹಡಗುಗಳಲ್ಲಿ ಅದನ್ನು ನಿಷೇಧಿಸಿತು. ಹಡಗುಗಳು ಮತ್ತೆ ಮುಖ್ಯವಾಗಿ ತಾಮ್ರದ ಬಣ್ಣಗಳನ್ನೇ ನೆಚ್ಚಿದವು.

ಹಾಗಾದರೆ ಬೇರೆ ಕಾವಲು ಇಲ್ಲವೇ? ವಿಜ್ಞಾನಿಗಳು ಒಂದು ಸರಳ ಸಂಗತಿಯತ್ತ ನೋಡಿದರು. ಕಲ್ಲು, ಕಂಬ, ಹಡಗುಗಳಿಗೆ ಬಾರ್ನಕಲ್ ಮುತ್ತುತ್ತದೆ. ಅದೇ ನೀರಿನಲ್ಲಿರುವ ಎಷ್ಟೋ ಮೆತ್ತನೆಯ ಪ್ರಾಣಿಗಳ, ಕಡಲಪಾಚಿಗಳ ಮೈ ಚೊಕ್ಕಟವಾಗಿರುತ್ತದೆ. ಅವುಗಳ ಮೈಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳೇ ಕೆಲವೆಡೆ ಕಾವಲುಗಾರರು. ಕರೋಲಾ ಹೋಮ್‌ಸ್ಟ್ರೋಮ್, ಸ್ಟಾಫಾನ್ ಶೆಲ್ಲೆಬೆರಿ ಮತ್ತು ಸಂಗಡಿಗರು ಸ್ವೀಡನ್ ತೀರದ ಒಂದು ಕಡಲಜೀವಿಯ ಮೈಯಿಂದ ಪಡೆದ ಬ್ಯಾಕ್ಟೀರಿಯಾ ಬಾರ್ನಕಲ್ ಮರಿಗಳು ನೆಲೆಸದಂತೆ ತಡೆಯುತ್ತದೆ ಎಂದು 1992ರಲ್ಲಿ ತೋರಿಸಿದರು. ಅದಕ್ಕೆ ಮುಂದೆ ಸ್ಯೂಡೊಆಲ್ಟರೊಮೊನಾಸ್ ಟ್ಯೂನಿಕೇಟ ಎಂದು ಹೆಸರಾಯಿತು. ಪ್ರಾಣಿಗಳ ಮರಿಗಳಿಗೆ ಒಂದು, ಪಾಚಿಯ ಬೀಜಕಣಗಳಿಗೆ ಇನ್ನೊಂದು ಎಂಬಂತೆ ಅದು ಹಲವು ವಸ್ತುಗಳನ್ನು ತಯಾರಿಸುತ್ತದೆ. ಅದರ ಹಳದಿ ವರ್ಣದ್ರವ್ಯ ತಡೆಯುವುದು ಶಿಲೀಂಧ್ರಗಳನ್ನು, ಅಂದರೆ ಕೊಳೆರೋಗದ ಕುಲದವರನ್ನೇ! ನಮ್ಮಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಹಡಗಿನ ತಳದ ಲೋಳೆ, ಬಾರ್ನಕಲ್‌ಗಳ ಅಧ್ಯಯನ ನಡೆಸುತ್ತ ಬಂದಿದೆ.

ಇಂಥ ವಸ್ತುಗಳಲ್ಲಿ ಹಲವು ಕಾಲಾಂತರದಲ್ಲಿ ಒಡೆದು ಹೋಗಬಲ್ಲವು ಎಂಬುದು ಲಾಭ. ತೊಡಕೂ ಅಲ್ಲೇ ಇದೆ. ಹಡಗಿನ ಬಣ್ಣದೊಳಗೆ ಅವು ವರ್ಷಗಟ್ಟಲೆ ಕೆಡದೆ ಉಳಿಯಬೇಕು, ಹೊರಬಿದ್ದ ಮೇಲೆ ಬೇಗ ಕೆಡಬೇಕು. ದೊಡ್ಡ ಪ್ರಮಾಣದಲ್ಲಿ ಅಗ್ಗವಾಗಿ ತಯಾರಾಗಬೇಕು. ನಿಸರ್ಗದಿಂದ ಬಂದದ್ದೆಲ್ಲ ನಿರಪಾಯವೆಂದು ನಂಬುವಂತೆಯೂ ಇಲ್ಲ. ಆದ್ದರಿಂದಲೇ ಬ್ಯಾಕ್ಟೀರಿಯಾದ ಕಾವಲು ಪ್ರಯೋಗಶಾಲೆಯಲ್ಲಿ ಗೆದ್ದರೂ ತಾಮ್ರದ ಜಾಗವನ್ನು ಇನ್ನೂ ಹಿಡಿದಿಲ್ಲ. ಈ ವಿಷಯದಲ್ಲಿ ತೋಟ ಸ್ವಲ್ಪ ಮುಂದಿದೆ. ಕಾಳುಮೆಣಸಿನ ಸೊರಗು ರೋಗಕ್ಕೆ ಟ್ರೈಕೊಡರ್ಮ ಎಂಬ ಶಿಲೀಂಧ್ರ, ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಗಾರರ ಕೈಗೆ ಬಂದಿವೆ. ಆದರೂ ಮೈಲುತುತ್ತವನ್ನು ಪೂರ್ತಿ ಬಿಟ್ಟವರು ಕಡಿಮೆ.

ಈ ಬೆಟ್ಟಗಳ ಮಳೆನೀರಿಗೆ ಎರಡು ದಾರಿ. ಹೇಮಾವತಿ ಅದನ್ನು ಕಾವೇರಿಗೆ ಒಪ್ಪಿಸಿ ಬಂಗಾಳ ಕೊಲ್ಲಿಯತ್ತ ಕಳುಹಿಸುತ್ತದೆ. ಕೆಂಪುಹೊಳೆಯ ನೀರು ಘಟ್ಟ ಇಳಿದು ಕುಮಾರಧಾರೆಗೆ, ಅಲ್ಲಿಂದ ನೇತ್ರಾವತಿಗೆ ಕೂಡಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಅಲ್ಲಿನ ಬಂದರಿನಲ್ಲಿ ನಿಂತ ಹಡಗುಗಳ ತಳದಿಂದಲೂ ತಾಮ್ರ ಕರಗುತ್ತಿರುತ್ತದೆ. ಕಾಯುವ ವಸ್ತುವನ್ನು ಆರಿಸುವಾಗ ಅದು ಯಾರನ್ನು ತಡೆಯುತ್ತದೆ ಎಂದು ಕೇಳುವುದನ್ನು ನಾವು ಬಹು ಹಿಂದೆಯೇ ಕಲಿತೆವು. ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳಲು ಎರಡು ಶತಮಾನ ಹಿಡಿಯಿತು.