ಅಗ್ಗವಾದ ಥಂಡರ್‌ಬರ್ಡೂ ನಮ್ಮ ರೈಸ್ ಪ್ಲೇಟೂ

ಮೊನ್ನೆ ಮಗನ ಜೊತೆ ಕಾರು ನೋಡಲು ಶೋರೂಮಿಗೆ ಹೋಗಿದ್ದೆ. ಬೋರ್ಡಿನ ಮೇಲೊಂದು ಬೆಲೆ. ಒಳಗೆ ಕೂತು ಚಹಾ ಕುಡಿದು ಮುಗಿಸುವಷ್ಟರಲ್ಲಿ ಇನ್ನೊಂದು ಬೆಲೆ. ಆ ಬಣ್ಣಕ್ಕಿಷ್ಟು, ಈ ಕ್ಯಾಮರಾಕ್ಕಿಷ್ಟು, ಮೇಲಿನ ಮಾಡೆಲ್ ಬೇಕಾದರೆ ಮತ್ತಿಷ್ಟು. ಮಗ ಮೊಬೈಲಿನಲ್ಲಿ ಕೂಡಿಸುತ್ತಾ ಕೂತ. ನನಗೆ ಮಾತ್ರ ಒಳಗೊಳಗೇ ನಗು. ಯಾಕೆಂದರೆ ಈ ಲೆಕ್ಕವನ್ನು ನಾನು 1978ರಲ್ಲೇ ಕಲಿತಿದ್ದೆ, ಮುಂಬಯಿಯ ಫೋರ್ಟಿನ ಒಂದು ಹೋಟೆಲಿನ ಗಲ್ಲಾದ ಪಕ್ಕದಲ್ಲಿ ನಿಂತು!

ಆಗ ಊರಿಂದ ಬಂದು ವರ್ಷವಾಗಿತ್ತಷ್ಟೆ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ರಾತ್ರಿಶಾಲೆ. ಅಕ್ಷರ ದುಂಡಗಿದೆ ಎಂದು ಬೋರ್ಡು ಬರೆಯುವ ಕೆಲಸ ನನಗೇ ಬಂತು. ಒಂದು ದಿನ ಧಣಿಗಳು ಕರೆದು, ರೈಸ್ ಪ್ಲೇಟಿಗೆ 50 ಪೈಸೆ ಇಳಿಸಿ ಬರೆ ಎಂದರು. ಆದರೆ ತಟ್ಟೆಯಿಂದ ಮೊಸರಿನ ಬಟ್ಟಲೂ ಸಿಹಿಯೂ ಎದ್ದವು. ಬೇಕಾದವರಿಗೆ ಎಕ್ಸ್‌ಟ್ರಾ. ನಾನು ಪಿಳಿಪಿಳಿ ನೋಡಿದಾಗ ಅವರೆಂದದ್ದು, "ಮಾಣಿ, ಜನ ಒಳಗೆ ಬರುವುದು ಬೋರ್ಡು ನೋಡಿ, ಬಿಲ್ಲು ನೋಡಿ ಅಲ್ಲ."

ಅದೇ ದಿನಗಳಲ್ಲಿ ಫೌಂಟನ್ ಫುಟ್‌ಪಾತಿನಲ್ಲಿ ಹಳೆಯ ಅಮೆರಿಕನ್ ಪತ್ರಿಕೆಗಳು ಅಗ್ಗಕ್ಕೆ ಸಿಗುತ್ತಿದ್ದವು. ಒಂದರಲ್ಲಿ ಫೋರ್ಡ್ ಕಂಪನಿಯ ಥಂಡರ್‌ಬರ್ಡ್ ಕಾರಿನ ಚಿತ್ರವಿತ್ತು. ಎರಡೇ ಬಾಗಿಲಿನ, ಉದ್ದ ಮೂತಿಯ ಕೂಪೆ. ದೀಪಗಳು ಮುಚ್ಚಳದ ಹಿಂದೆ ಅಡಗಿದ್ದವು. ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಬದಿಗೆ ಅಂಟಿಸಿದ್ದೆ. ಅದು 1977ರ ಮಾಡೆಲ್ ಎಂದೂ, ಅದರ ಹಿಂದೆ ನಮ್ಮ ಧಣಿಗಳದ್ದೇ ಲೆಕ್ಕವಿತ್ತೆಂದೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಥಂಡರ್‌ಬರ್ಡ್ ಮೊದಲು ಬಂದದ್ದು 1955ರ ಮಾಡೆಲ್ ಆಗಿ. ಷೆವ್ರೋಲೆ ಕಾರ್ವೆಟ್‌ಗೆ ಉತ್ತರವೆಂದು ಫೋರ್ಡ್ ತಂದ ಇಬ್ಬರ ಕಾರು. 1958ರಲ್ಲಿ ನಾಲ್ಕು ಸೀಟಾಯಿತು. ಅದಕ್ಕೆ ಪಟ್ಟು ಹಿಡಿದವರು ರಾಬರ್ಟ್ ಮೆಕ್‌ನಮಾರಾ. ಹೌದು, ಮುಂದೆ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾಗಿದ್ದವರೇ! ಮಾರಾಟ ಏರಿತು, ಕಾರೂ ಊದುತ್ತಾ ಹೋಯಿತು. 1972ರ ಹೊತ್ತಿಗೆ ಲಿಂಕನ್ ಕಾಂಟಿನೆಂಟಲ್ ಮಾರ್ಕ್ 4ರ ಅಡಿಪಾಯದ ಮೇಲೆ ಕೂತ ದೊಡ್ಡ ಹಡಗಾಗಿತ್ತು. 1976ರ ಕಾರಿನ ಇಂಜಿನ್ 7.5 ಲೀಟರಿನದು. ನಮ್ಮ ಪ್ರೀಮಿಯರ್ ಪದ್ಮಿನಿಯದು 1.1 ಲೀಟರು, ಲೆಕ್ಕ ಹಾಕಿಕೊಳ್ಳಿ. ಎ.ಸಿ., ಪವರ್ ಕಿಟಕಿ ಎಲ್ಲ ಬೆಲೆಯೊಳಗೇ. ಬೆಲೆ 7,790 ಡಾಲರು. ಆ ವರ್ಷ ಮಾರಾಟವಾದದ್ದು 52,935 ಕಾರು.

ನಡುವೆ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದ್ದವು. 1975ರಲ್ಲಿ ಅಮೆರಿಕ ಸರ್ಕಾರ ಇಂಧನ ಮಿತವ್ಯಯದ ಕಾಯಿದೆ ತಂದಿತು. ಇತ್ತ ಪೇಟೆಯಲ್ಲಿ ಷೆವ್ರೋಲೆ ಮಾಂಟೆ ಕಾರ್ಲೊ, ಪಾಂಟಿಯಾಕ್ ಗ್ರಾಂಡ್ ಪ್ರಿ, ಕ್ರೈಸ್ಲರ್ ಕಾರ್ಡೊಬಾ ಮುಂತಾದ ಮಧ್ಯಮ ಗಾತ್ರದ ಕೂಪೆಗಳು ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದವು. ಫೋರ್ಡ್ ಬಳಿಯೂ ಎಲೀಟ್ ಎಂಬ ಮಧ್ಯಮ ಕೂಪೆ ಇತ್ತು. ಆದರೆ ಆ ಹೆಸರಿಗೆ ಥಂಡರ್‌ಬರ್ಡಿನ ತೂಕವಿರಲಿಲ್ಲ.

ಆಗ ಮಾಡಿದ ಉಪಾಯ ಸರಳ. ಎಲೀಟ್ ಜಾಗದಲ್ಲಿ, ಅದೇ ಮಧ್ಯಮ ಗಾತ್ರದ ಅಡಿಪಾಯದ ಮೇಲೆ, ಹೊಸ ತಗಡು ಹೊದಿಸಿ ಥಂಡರ್‌ಬರ್ಡ್ ಎಂಬ ಹೆಸರಿಟ್ಟರು. ಕಾರು ಸುಮಾರು 10 ಇಂಚು ಕಿರಿದಾಯಿತು, 400 ಕಿಲೋದಷ್ಟು ಹಗುರಾಯಿತು. ಆದರೂ ಉದ್ದ 18 ಅಡಿ! ನಮ್ಮ ಪದ್ಮಿನಿ 13 ಅಡಿ. ಅಮೆರಿಕದವರ "ಮಧ್ಯಮ" ಎಂದರೆ ಅಷ್ಟು ಸ್ವಾಮಿ. 7.5 ಲೀಟರಿನ ಬದಲು 4.9 ಲೀಟರಿನ ಇಂಜಿನ್.

ಬೆಲೆ? 5,063 ಡಾಲರು. ಒಂದೇ ವರ್ಷದಲ್ಲಿ 2,727 ಡಾಲರು ಇಳಿಕೆ, ಮೂರನೇ ಒಂದಂಶಕ್ಕಿಂತ ಹೆಚ್ಚು. ಎಲ್ಲದರ ಬೆಲೆಯೂ ಏರುತ್ತಿದ್ದ ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಈಗ ತಟ್ಟೆ ನೋಡಿ. ಆಟೋಮ್ಯಾಟಿಕ್ ಗೇರು, ಪವರ್ ಸ್ಟೀರಿಂಗು, ಪವರ್ ಬ್ರೇಕು ಉಳಿದವು. ಎ.ಸಿ., ಪವರ್ ಕಿಟಕಿ ಎದ್ದವು. ಬೇಕಾದವರಿಗೆ ಎಕ್ಸ್‌ಟ್ರಾ. ಎಲ್ಲ ತುಂಬಿಸಿದ್ದೇ ಬೇಕೆನ್ನುವವರಿಗೆ ಅದೇ ವರ್ಷ ಟೌನ್ ಲ್ಯಾಂಡೋ ಎಂಬ ಮಾಡೆಲ್ ಬಂತು. ಅದರ ಬೆಲೆ ಸುಮಾರು 8,000 ಡಾಲರು. ಅಂದರೆ ಸುತ್ತಿ ಸುತ್ತಿ ಹಳೆಯ ಬೆಲೆಗೇ ಬಂದು ನಿಂತಂತಾಯಿತಲ್ಲ! 1978ರಲ್ಲಿ, ಕಂಪನಿಗೆ 75 ವರ್ಷ ತುಂಬಿದಾಗ ತಂದ ಡೈಮಂಡ್ ಜುಬಿಲಿ ಮಾಡೆಲಂತೂ 10,000 ದಾಟಿತ್ತು.

ಜನ ಮುಗಿಬಿದ್ದರು. 1977ರಲ್ಲಿ 3,18,140 ಕಾರು, ಹಿಂದಿನ ವರ್ಷದ ಆರು ಪಟ್ಟು. 1978ರಲ್ಲಿ 3,52,751. 1979ರಲ್ಲಿ ಇನ್ನೂ 2,84,141. ಮೂರು ವರ್ಷಕ್ಕೆ ಒಂಬತ್ತೂವರೆ ಲಕ್ಷ.

ಇದನ್ನು ಮೋಸ ಎನ್ನಲಾರೆ. ಎ.ಸಿ. ಬೇಡದವನು ಅದಕ್ಕೆ ಯಾಕೆ ದುಡ್ಡು ಕೊಡಬೇಕು? ಶ್ರೀಮಂತರ ಕಾರಿನ ಹೆಸರು ಒಬ್ಬ ಗುಮಾಸ್ತನ ಮನೆಯ ಮುಂದೆ ನಿಂತರೆ ಅದೂ ಒಂದು ಸಂತೋಷವೇ. ಆದರೆ ಅಷ್ಟು ಜನ ಕೊಂಡದ್ದು ಏನನ್ನು? ಎಲೀಟ್ ಮತ್ತು ಈ ಕಾರಿನ ಎಲುಬು ಒಂದೇ. ದೊಡ್ಡ ವ್ಯತ್ಯಾಸ ಹೆಸರು ಮತ್ತು ವೇಷ. ಆ ಹೆಸರು 22 ವರ್ಷ ಬ್ಯಾಂಕಿನಲ್ಲಿಟ್ಟ ಠೇವಣಿ. ಫೋರ್ಡ್ ಅದನ್ನು ಮುರಿಸಿ ಖರ್ಚು ಮಾಡಿತು ಅಂತ ನನ್ನ ಲೆಕ್ಕ.

1980ರಲ್ಲಿ ಮತ್ತೆ ಹೊಸ ವಿನ್ಯಾಸ ಬಂತು. ಇನ್ನೂ ಚಿಕ್ಕ ಅಡಿಪಾಯ, ಚಿಕ್ಕ ಇಂಜಿನ್. ಆದರೆ ವೇಷ ಮಾತ್ರ ಹಳೆಯ ಜಮೀನ್ದಾರನದ್ದೇ. ಮಗನಿಗೆ ಅಜ್ಜನ ಕೋಟು ತೊಡಿಸಿದ ಹಾಗೆ. 1,56,803ಕ್ಕೆ ಇಳಿಯಿತು ಮಾರಾಟ, 1982ಕ್ಕೆ 45 ಸಾವಿರದ ಹತ್ತಿರ. ಎರಡನೆಯ ಎಣ್ಣೆ ಬಿಕ್ಕಟ್ಟು, ಆರ್ಥಿಕ ಹಿಂಜರಿತದ ಪಾಲೂ ಇದರಲ್ಲಿದೆ, ಒಪ್ಪುತ್ತೇನೆ. ಆದರೆ ಠೇವಣಿ ಇದ್ದಿದ್ದರೆ ಕಷ್ಟಕಾಲಕ್ಕೆ ಆಗುತ್ತಿತ್ತು.

ಆಮೇಲಿನ ಘಟನೆ ನನಗೆ ಇಷ್ಟ. ಫೋರ್ಡ್ ಅಧ್ಯಕ್ಷ ಡೊನಾಲ್ಡ್ ಪೀಟರ್‌ಸನ್, ವಿನ್ಯಾಸಕಾರ ಜ್ಯಾಕ್ ಟೆಲ್ನಾಕ್ ಅವರನ್ನು ಕೇಳಿದರಂತೆ, ಈ ಕಾರನ್ನು ನಿಮ್ಮ ಮನೆ ಮುಂದೆ ನಿಲ್ಲಿಸಿಕೊಳ್ಳುತ್ತೀರಾ ಎಂದು. ಇಲ್ಲ ಎಂದು ಉತ್ತರ. ಹಾಗಾದರೆ ನಿಲ್ಲಿಸಿಕೊಳ್ಳುವಂಥದ್ದನ್ನು ಮಾಡಿ ಎಂದರಂತೆ. 1983ರಲ್ಲಿ ಗಾಳಿಯನ್ನು ಸೀಳುವ ನುಣುಪು ಮೈಯ ಥಂಡರ್‌ಬರ್ಡ್ ಬಂತು, ಮಾರಾಟ ಮತ್ತೆ ಲಕ್ಷ ದಾಟಿತು. ಆ ನುಣುಪನ್ನು ಬೇರೆಯಾಗಿ ಕಳಚಿ "ಎಕ್ಸ್‌ಟ್ರಾ" ಎಂದು ಮಾರಲು ಬರುವುದಿಲ್ಲ. ಅಗ್ಗದ ಮಾಡೆಲಿಗೂ ಅದೇ ಮೈ. ಹೀಗೆ ಮತ್ತಷ್ಟು ವರ್ಷ ನಡೆದು 1997ರಲ್ಲಿ ಕೂಪೆ ನಿಂತಿತು. 2002ರಲ್ಲಿ ಹಳೆಯ ಎರಡು ಸೀಟಿನ ರೂಪದಲ್ಲಿ ಮರಳಿ, 2005ಕ್ಕೆ ಮುಗಿಯಿತು.

ನಮ್ಮ ಹೋಟೆಲಿನ ಕತೆ ಏನಾಯಿತು ಅಂತೀರಾ? ಬೋರ್ಡು ಬದಲಿಸಿದ ತಿಂಗಳಲ್ಲೇ ಮಧ್ಯಾಹ್ನದ ಗಿರಾಕಿಗಳು ಹೆಚ್ಚಿದರು. ಧಣಿಗಳು ಖುಷ್. ಆದರೆ ದಿನಾ ಒಂದು ಗಂಟೆಗೆ ಮೂಲೆಯ ಮೇಜಿಗೆ ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು ಇದ್ದರು. ಮೊಸರು, ಸಿಹಿ ಎರಡನ್ನೂ ತರಿಸಿ ಉಂಡರು. ಬಿಲ್ಲು ಹಿಂದಿನದಕ್ಕಿಂತ ಹತ್ತು ಪೈಸೆಯಷ್ಟೇ ಹೆಚ್ಚು. ಎದ್ದು ಹೋಗುವಾಗ ನನಗೆ ಹೇಳಿದರು, "ದೀಕ್ರಾ, ಇಷ್ಟು ದಿನ ನೀವು ಬಡಿಸುತ್ತಿದ್ದಿರಿ, ಇವತ್ತು ಎಣಿಸಿದಿರಿ." ಆಮೇಲೆ ಅವರು ಬರಲಿಲ್ಲ. ಬೋರ್ಡು ಬರೆದ ಕೈ ನನ್ನದು ನೋಡಿ, ಅದು ಈಗಲೂ ಚುಚ್ಚುತ್ತದೆ.

ಮಗ ಕೊನೆಗೆ ಮೇಲಿನ ಮಾಡೆಲನ್ನೇ ಬುಕ್ ಮಾಡಿದ. "ಅಪ್ಪಾ, ಬೋರ್ಡಿನ ಬೆಲೆಗೆ ಏನೂ ಇಲ್ಲ ಮಾರಾಯ್ರೆ" ಎಂದ. ನಾನು ಏನೂ ಹೇಳಲಿಲ್ಲ. ನೀವು ಕಾರು ಕೊಂಡಾಗ ಬೋರ್ಡಿಗೂ ಬಿಲ್ಲಿಗೂ ಎಷ್ಟು ಅಂತರವಿತ್ತು? ನೆನಪಿದ್ದರೆ ಬರೆಯಿರಿ.