ಪಿಎಲ್‌ಸಿ ಮತ್ತು ಸರಣಿ ಸಂವಹನ ಮಾಡ್ಯೂಲ್ ನಡುವಿನ ದತ್ತಾಂಶ ವರ್ಗಾವಣೆ

ಪಿಎಲ್‌ಸಿ ಮತ್ತು ಸರಣಿ ಸಂವಹನ ಮಾಡ್ಯೂಲ್ ನಡುವಿನ ದತ್ತಾಂಶ ವರ್ಗಾವಣೆ ಎಂದರೆ, ಕಾರ್ಖಾನೆಯ ಯಂತ್ರಗಳನ್ನು ನಿಯಂತ್ರಿಸುವ ಪ್ರೋಗ್ರಾಮೇಬಲ್ ಲಾಜಿಕ್ ಕಂಟ್ರೋಲರ್ ಹಾಗೂ ಅದಕ್ಕೆ ಜೋಡಿಸಲಾದ ಸಂವಹನ ಘಟಕದ ನಡುವೆ ಮಾಹಿತಿಯನ್ನು ಸಾಗಿಸುವ ವಿಧಾನ. ತೂಕದ ಯಂತ್ರ, ಬಾರ್‌ಕೋಡ್ ರೀಡರ್, ವಿದ್ಯುತ್ ಮೀಟರ್ ಮೊದಲಾದ ಸಾಧನಗಳು ತಂತಿಯ ಮೂಲಕ ಒಂದಾದ ಮೇಲೊಂದರಂತೆ ಕಳುಹಿಸುವ ಬಿಟ್‌ಗಳನ್ನು ಈ ಮಾಡ್ಯೂಲ್ ಸ್ವೀಕರಿಸಿ ಪಿಎಲ್‌ಸಿಗೆ ಒಪ್ಪಿಸುತ್ತದೆ. ಎರಡೂ ಘಟಕಗಳು ಬೇರೆ ಬೇರೆ ವೇಗದಲ್ಲಿ ಕೆಲಸ ಮಾಡುವುದರಿಂದ, ದೊರೆತ ದತ್ತಾಂಶವು ಪೂರ್ಣವಾಗಿದೆಯೇ ಮತ್ತು ಹೊಸದೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಇದರಲ್ಲಿನ ಮುಖ್ಯ ಸಮಸ್ಯೆಯಾಗಿದೆ.

ಹಿನ್ನೆಲೆ

ಆರಂಭಿಕ ಪಿಎಲ್‌ಸಿಗಳಲ್ಲಿ ಒಂದಾದ ಮಾಡಿಕಾನ್ 084 ಅನ್ನು 1960ರ ದಶಕದ ಕೊನೆಯಲ್ಲಿ ಅಮೆರಿಕದ ಡಿಕ್ ಮಾರ್ಲಿ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದರು. ರಿಲೇಗಳಿಂದ ತುಂಬಿದ ನಿಯಂತ್ರಣ ಫಲಕಗಳ ಬದಲಿಗೆ ಬಳಸುವುದು ಅದರ ಉದ್ದೇಶವಾಗಿತ್ತು. 1979ರಲ್ಲಿ ಮಾಡಿಕಾನ್ ಸಂಸ್ಥೆಯು ತನ್ನ ನಿಯಂತ್ರಕಗಳಿಗಾಗಿ ಮಾಡ್‌ಬಸ್ ಎಂಬ ಸಂವಹನ ನಿಯಮಾವಳಿಯನ್ನು ಪ್ರಕಟಿಸಿತು. ಮುಕ್ತವೂ ಸರಳವೂ ಆಗಿದ್ದುದರಿಂದ ಇತರ ತಯಾರಕರೂ ಅದನ್ನು ಅಳವಡಿಸಿಕೊಂಡರು. ಇದಕ್ಕೆ ಆರ್‌ಎಸ್-232 ಅಥವಾ ಆರ್‌ಎಸ್-485 ವಿದ್ಯುತ್ ಮಾನದಂಡಗಳನ್ನು ಬಳಸುತ್ತಾರೆ. ಆರ್‌ಎಸ್-232 ಎರಡು ಸಾಧನಗಳನ್ನು ಮಾತ್ರ ಜೋಡಿಸುತ್ತದೆ. ಆರ್‌ಎಸ್-485ರಲ್ಲಿ ಒಂದೇ ಜೋಡಿ ತಂತಿಗೆ ಅನೇಕ ಸಾಧನಗಳನ್ನು ಸೇರಿಸಬಹುದು. ಕಡಿಮೆ ವೇಗದಲ್ಲಿ ತಂತಿಯ ಉದ್ದ ಸುಮಾರು 1200 ಮೀಟರ್‌ವರೆಗೆ ಇರಬಹುದು.

ಸಂದೇಶದ ರಚನೆ

ಮಾಡ್‌ಬಸ್ ಆರ್‌ಟಿಯು ವಿಧಾನದಲ್ಲಿ ಪ್ರತಿ ಸಂದೇಶದಲ್ಲಿ ಸಾಧನದ ವಿಳಾಸ, ಕಾರ್ಯದ ಸಂಖ್ಯೆ, ದತ್ತಾಂಶ ಹಾಗೂ ದೋಷ ಪತ್ತೆಗಾಗಿ ಎರಡು ಬೈಟ್‌ಗಳು ಇರುತ್ತವೆ. ಉದಾಹರಣೆಗೆ, 1ನೇ ವಿಳಾಸದ ಮೀಟರಿನಿಂದ ಎರಡು ರಿಜಿಸ್ಟರುಗಳನ್ನು ಓದಲು 01 03 00 00 00 02 ಎಂಬ ಆರು ಬೈಟ್‌ಗಳನ್ನೂ ಅವುಗಳ ನಂತರ ಎರಡು ದೋಷ ಪತ್ತೆ ಬೈಟ್‌ಗಳನ್ನೂ ಕಳುಹಿಸಬೇಕು. ಇಲ್ಲಿ 01 ಸಾಧನದ ವಿಳಾಸ, 03 ಓದುವ ಆದೇಶ, 00 00 ಮೊದಲ ರಿಜಿಸ್ಟರಿನ ವಿಳಾಸ ಮತ್ತು 00 02 ರಿಜಿಸ್ಟರುಗಳ ಸಂಖ್ಯೆ. ಮೀಟರ್ 9 ಬೈಟ್‌ಗಳ ಉತ್ತರ ನೀಡುತ್ತದೆ. ಎರಡು ಸಂದೇಶಗಳ ನಡುವೆ ಕನಿಷ್ಠ ಮೂರೂವರೆ ಅಕ್ಷರಗಳಷ್ಟು ಕಾಲ ತಂತಿ ಮೌನವಾಗಿರಬೇಕು.

ವೇಗದ ವ್ಯತ್ಯಾಸ

ಪಿಎಲ್‌ಸಿಯು ಇನ್‌ಪುಟ್‌ಗಳನ್ನು ಓದಿ, ಪ್ರೋಗ್ರಾಂ ನಡೆಸಿ, ಔಟ್‌ಪುಟ್‌ಗಳನ್ನು ಬದಲಿಸುವ ಆವರ್ತನವನ್ನು ನಿರಂತರವಾಗಿ ಪುನರಾವರ್ತಿಸುತ್ತದೆ. ಇದನ್ನು ಸ್ಕ್ಯಾನ್ ಎನ್ನುತ್ತಾರೆ. ಸೆಕೆಂಡಿಗೆ 9600 ಬಿಟ್ ವೇಗದಲ್ಲಿ, ಪ್ರತಿ ಅಕ್ಷರಕ್ಕೆ 11 ಬಿಟ್‌ಗಳಂತೆ, ಮೇಲಿನ ಪ್ರಶ್ನೆ ಮತ್ತು ಉತ್ತರದ ಒಟ್ಟು 17 ಬೈಟ್‌ಗಳು ಸಾಗಲು ಸುಮಾರು 19.5 ಮಿಲಿಸೆಕೆಂಡು ಬೇಕಾಗುತ್ತದೆ. ಸ್ಕ್ಯಾನ್ ಅವಧಿ 5 ಮಿಲಿಸೆಕೆಂಡು ಇದ್ದರೆ, ಅಷ್ಟರಲ್ಲಿ ಪ್ರೋಗ್ರಾಂ ಸುಮಾರು ನಾಲ್ಕು ಬಾರಿ ನಡೆದಿರುತ್ತದೆ. ಆದುದರಿಂದ ಬರುವ ಬೈಟ್‌ಗಳನ್ನು ಮಾಡ್ಯೂಲ್ ತನ್ನ ಬಫರ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ ಸಂಗ್ರಹಿಸುತ್ತದೆ.

ಹ್ಯಾಂಡ್‌ಶೇಕ್ ಕ್ರಮ

ಬಫರನ್ನು ಯಾವಾಗ ಓದಬೇಕು, ಯಾವಾಗ ಬರೆಯಬೇಕು ಎಂಬುದನ್ನು ಎರಡೂ ಘಟಕಗಳು ಸಂಕೇತ ಬಿಟ್‌ಗಳ ಮೂಲಕ ಪರಸ್ಪರ ತಿಳಿಸುತ್ತವೆ. ಬಿಟ್‌ಗಳ ಹೆಸರುಗಳು ತಯಾರಕರಿಂದ ತಯಾರಕರಿಗೆ ಬದಲಾದರೂ ಸಾಮಾನ್ಯ ಕ್ರಮ ಹೀಗಿದೆ:

1. ಪ್ರೋಗ್ರಾಂ ಕಳುಹಿಸಬೇಕಾದ ದತ್ತಾಂಶವನ್ನು ಬಫರಿನಲ್ಲಿ ಬರೆದು, ನಂತರ ಕೋರಿಕೆ ಬಿಟ್ಟನ್ನು 1 ಮಾಡುತ್ತದೆ.
2. ಮಾಡ್ಯೂಲ್ ಸಂದೇಶವನ್ನು ಕಳುಹಿಸಿ, ಮುಕ್ತಾಯ ಅಥವಾ ದೋಷ ಬಿಟ್ಟನ್ನು 1 ಮಾಡುತ್ತದೆ.
3. ಪ್ರೋಗ್ರಾಂ ಅದನ್ನು ಗಮನಿಸಿ ಕೋರಿಕೆ ಬಿಟ್ಟನ್ನು 0 ಮಾಡುತ್ತದೆ. ಬಳಿಕವೇ ಮುಂದಿನ ಸಂದೇಶ.
4. ಪೂರ್ಣ ಉತ್ತರ ಬಂದಾಗ ಮಾಡ್ಯೂಲ್ "ಹೊಸ ದತ್ತಾಂಶ" ಬಿಟ್ಟನ್ನು 1 ಮಾಡುತ್ತದೆ. ಪ್ರೋಗ್ರಾಂ ಇಡೀ ಉತ್ತರವನ್ನು ನಕಲು ಮಾಡಿಕೊಂಡು ಸ್ವೀಕೃತಿ ತಿಳಿಸುತ್ತದೆ.

ಸಾಮಾನ್ಯ ದೋಷಗಳು

ಈ ಕ್ರಮವನ್ನು ಪಾಲಿಸದಿದ್ದರೆ ಅರ್ಧ ಹಳೆಯ, ಅರ್ಧ ಹೊಸ ಮೌಲ್ಯ ದೊರೆಯಬಹುದು. 32 ಬಿಟ್‌ಗಳ ಎಣಿಕೆಯು ಎರಡು ರಿಜಿಸ್ಟರುಗಳಲ್ಲಿ ಹಂಚಿಕೆಯಾಗಿರುತ್ತದೆ. ಅದು 65535ರಿಂದ 65536ಕ್ಕೆ ಏರುವಾಗ ಮೇಲಿನ ರಿಜಿಸ್ಟರ್ 0ಯಿಂದ 1ಕ್ಕೂ, ಕೆಳಗಿನದು 65535ರಿಂದ 0ಗೂ ಬದಲಾಗುತ್ತದೆ. ಹೊಸ ಮೇಲ್ಭಾಗವನ್ನೂ ಹಳೆಯ ಕೆಳಭಾಗವನ್ನೂ ಸೇರಿಸಿ ಓದಿದರೆ 131071 ಎಂಬ ತಪ್ಪು ಸಂಖ್ಯೆ ಬರುತ್ತದೆ. ಎರಡು ರಿಜಿಸ್ಟರುಗಳಲ್ಲಿ ಯಾವುದು ಮೇಲ್ಭಾಗ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆಯಾಗಿರುವುದೂ ಗೊಂದಲಕ್ಕೆ ಕಾರಣವಾಗುತ್ತದೆ.

ಹಳೆಯ ಮೌಲ್ಯವು ಇನ್ನೂ ಅಪಾಯಕಾರಿ. ತಂತಿ ಕಡಿದರೂ ಕೊನೆಯದಾಗಿ ಬಂದ ಸಂಖ್ಯೆ ರಿಜಿಸ್ಟರಿನಲ್ಲಿ ಉಳಿದಿರಬಹುದು. ಟ್ಯಾಂಕಿನ ನೀರಿನ ಮಟ್ಟ ಅರ್ಧದಲ್ಲೇ ಇದೆ ಎಂದು ಭಾವಿಸಿ ಪಿಎಲ್‌ಸಿಯು ಪಂಪನ್ನು ನಡೆಸುತ್ತಲೇ ಇದ್ದರೆ ಟ್ಯಾಂಕ್ ತುಂಬಿ ಹರಿಯುತ್ತದೆ. ದೋಷ ಪತ್ತೆ ಬೈಟ್‌ಗಳು ಕೆಟ್ಟ ಸಂದೇಶವನ್ನು ಗುರುತಿಸಬಲ್ಲವು, ಬಾರದ ಸಂದೇಶವನ್ನಲ್ಲ. ಇದಕ್ಕಾಗಿ ಪ್ರೋಗ್ರಾಂನಲ್ಲಿ ಕಾಲಮಿತಿಯನ್ನು ಇರಿಸಿ, ಆ ಅವಧಿಯಲ್ಲಿ ಹೊಸ ಉತ್ತರ ಬಾರದಿದ್ದರೆ ಮೌಲ್ಯವನ್ನು ಅಮಾನ್ಯವೆಂದು ಪರಿಗಣಿಸಿ, ಯಂತ್ರವನ್ನು ಸುರಕ್ಷಿತ ಸ್ಥಿತಿಗೆ ತರಲಾಗುತ್ತದೆ.

ಮಿತಿಗಳು

ಸರಣಿ ಮಾಡ್‌ಬಸ್‌ನಲ್ಲಿ ಕಳುಹಿಸುವವರ ಗುರುತನ್ನು ಪರಿಶೀಲಿಸುವ ವ್ಯವಸ್ಥೆಯಿಲ್ಲ. ತಂತಿಗೆ ಸಂಪರ್ಕ ಪಡೆದ ಯಾವುದೇ ಉಪಕರಣ ಆದೇಶ ನೀಡಬಲ್ಲದು. ಆದ್ದರಿಂದ ತುರ್ತು ನಿಲುಗಡೆಯಂತಹ ಸುರಕ್ಷತಾ ಕಾರ್ಯಗಳಿಗೆ ಇದನ್ನು ಅವಲಂಬಿಸದೆ, ಪ್ರತ್ಯೇಕ ಸುರಕ್ಷತಾ ವ್ಯವಸ್ಥೆಯನ್ನು ಬಳಸಲಾಗುತ್ತದೆ.